ಲಾಟ್ ಸೇರುತ್ತಲೇ ಇರುವಾಗ 'ನಮ್ಮ ದರ ಎಷ್ಟನೆಯದು?'

ಪ್ರಶ್ನೆ: ನಾನು ಶಿರಸಿಯವನು. ನಮ್ಮ ಕಡೆಯ ಒಂದು ಸಹಕಾರಿ ಸಂಘಕ್ಕೆ ಅಡಿಕೆ ವ್ಯಾಪಾರದ ಲೆಕ್ಕಕ್ಕೆ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಟೆಂಡರ್ ಆದ ಹಾಗೆ ಒಂದೊಂದೇ ಲಾಟಿನ (ಒಬ್ಬ ರೈತರು ಒಟ್ಟಿಗೆ ಮಾರಾಟಕ್ಕಿಟ್ಟ ಅಡಿಕೆಯ) ದರ ಸೇರಿಸುತ್ತಾ ಹೋಗುತ್ತೇವೆ. ಚಾಲಿ (ಸಿಪ್ಪೆ ಸಮೇತ ಒಣಗಿಸಿ ಸುಲಿದ ಅಡಿಕೆ) ತಂದ ರೈತರೆಲ್ಲ ಕೇಳುವುದು ಒಂದೇ: "ಚಾಲಿಯಲ್ಲಿ ನಮ್ಮ ದರ ಎಷ್ಟನೆಯದು?" ಈಗ ನಾನು ಪ್ರತಿ ಲಾಟ್ ಸೇರಿದಾಗಲೂ ಪಟ್ಟಿಯನ್ನು ಮತ್ತೆ ಜೋಡಿಸಿ, ಎಲ್ಲರ ಸ್ಥಾನವನ್ನೂ ಡೇಟಾಬೇಸಿಗೆ ಬರೆಯುತ್ತೇನೆ. ಒಂದು ದಿನದ ಪಟ್ಟಿಗೆ ತೊಂದರೆ ಇಲ್ಲ. ಇಡೀ ಹಂಗಾಮಿನ ಪಟ್ಟಿಗೆ ಇದನ್ನೇ ಮಾಡಿದರೆ ದಿನ ಹೋದ ಹಾಗೆ ನಿಧಾನವಾಗುತ್ತಿದೆ. ಯಾವ ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ವಿಧಾನ) ಬಳಸಬೇಕು?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ರೈತರು ಕೇಳುವ ಆ ಪ್ರಶ್ನೆ ನನಗೂ ಗೊತ್ತು. ವರ್ಷವಿಡೀ ಔಷಧಿ ಹೊಡೆದು, ಕೊನೆ ಕೊಯ್ದು, ಅಂಗಳದಲ್ಲಿ ಒಣಗಿಸಿ, ಸುಲಿದು ತಂದ ಅಡಿಕೆ. ದರ ಎಷ್ಟು ಬಂತು ಎನ್ನುವುದರ ಜೊತೆಗೆ, ಉಳಿದವರ ಅಡಿಕೆಯ ಪಕ್ಕದಲ್ಲಿ ನಮ್ಮದು ಎಲ್ಲಿ ನಿಂತಿತು ಎಂದು ತಿಳಿಯುವ ಆಸೆ ಇದ್ದೇ ಇರುತ್ತದೆ. ಅದಕ್ಕೆ ಸರಿಯಾದ ಉತ್ತರ ಕೂಡಲೇ ಸಿಗಬೇಕು.

ಮೊದಲು ಮುಖ್ಯ ಮಾತು ಹೇಳಿಬಿಡುತ್ತೇನೆ. ಸ್ಥಾನವನ್ನು ಬರೆದಿಡಬೇಡಿ. ಕೇಳಿದಾಗ ಎಣಿಸಿ. ಬೇಗ ಎಣಿಸಲು ಬೇಕಾದದ್ದನ್ನು ಮಾತ್ರ ಬರೆದಿಡಿ.

ಯಾಕೆ ಎಂದು ನೋಡೋಣ. ದರ ಆ ಲಾಟಿನದೇ ಗುಣ. ಪಕ್ಕದ ಲಾಟಿಗೆ ಏನೇ ಆದರೂ ಅದು ಬದಲಾಗುವುದಿಲ್ಲ. ಸ್ಥಾನ ಹಾಗಲ್ಲ. ಅದು ಇಡೀ ಪಟ್ಟಿಗೆ ಸೇರಿದ ಗುಣ. ಮೇಲಿನ ದರದ ಒಂದು ಲಾಟ್ ಬಂತು ಎಂದರೆ ಅದರ ಕೆಳಗಿನ ಎಲ್ಲರ ಸ್ಥಾನವೂ ಒಂದೊಂದು ಇಳಿಯುತ್ತದೆ. ನೀವು ಸ್ಥಾನಕ್ಕೆ ಒಂದು ಕಾಲಂ ಇಟ್ಟಿದ್ದೀರಿ ಅಂದರೆ ಅಷ್ಟೂ ಸಾಲುಗಳನ್ನು ತಿದ್ದಬೇಕು. ಹಂಗಾಮಿಗೆ ಚಾಲಿಯ 80,000 ಲಾಟ್ ಬಂತು ಎಂದು ಇಟ್ಟುಕೊಳ್ಳಿ. ಪ್ರತಿ ಸಲ ಸರಾಸರಿ ಅರ್ಧ ಪಟ್ಟಿ ತಿದ್ದಿದರೂ ಒಟ್ಟು 160 ಕೋಟಿ ತಿದ್ದುಪಡಿ. ಅದೂ ಡೇಟಾಬೇಸಿನಲ್ಲಿ. ನಿಮ್ಮ ಕಂಪ್ಯೂಟರಿನ ತಪ್ಪು ಏನೂ ಇಲ್ಲ.

ದಿನದ ಪಟ್ಟಿಯ ವಿಷಯ ಇಲ್ಲೇ ಮುಗಿಸುತ್ತೇನೆ. ಐನೂರೋ ಸಾವಿರವೋ ಲಾಟ್ ಇದ್ದರೆ ಯಾವ ದೊಡ್ಡ ಉಪಾಯವೂ ಬೇಡ. ದರಗಳನ್ನು ಏರಿಕೆಯ ಕ್ರಮದಲ್ಲಿ ಒಂದು ಸಾದಾ ಅರೇಯಲ್ಲಿ, ಅಂದರೆ ಸಾಲಾಗಿ ಜೋಡಿಸಿದ ಮನೆಗಳಲ್ಲಿ, ಇಡಿ. ಹೊಸ ದರ ಬಂದಾಗ ಬೈನರಿ ಸರ್ಚ್ ಮಾಡಿ (ಪ್ರತಿ ಸಲ ಪಟ್ಟಿಯ ಅರ್ಧ ಭಾಗ ಬಿಡುತ್ತಾ) ಜಾಗ ಹುಡುಕಿ, ಮುಂದಿನವನ್ನು ಒಂದು ಮನೆ ಸರಿಸಿ, ಅಲ್ಲಿ ಸೇರಿಸಿ. ಪೈಥಾನ್ ಬಳಸುವವರಾದರೆ ಬೈಸೆಕ್ಟ್ ಎಂಬ ಸಿದ್ಧ ಮಾಡ್ಯೂಲ್ ಇದೆ. ಸ್ಥಾನ ಕೇಳಿದಾಗ ಮತ್ತೆ ಬೈನರಿ ಸರ್ಚ್, ಅಷ್ಟೇ. ಮೆಮೊರಿಯಲ್ಲಿ ಸಾವಿರ ಸಂಖ್ಯೆ ಸರಿಸುವುದು ಇವತ್ತಿನ ಯಂತ್ರಗಳಿಗೆ ಲೆಕ್ಕಕ್ಕೇ ಇಲ್ಲದ ಕೆಲಸ.

ಇನ್ನು ಹಂಗಾಮಿನ ಪಟ್ಟಿ. ಇಲ್ಲಿ ನಿಮಗೆ ಒಂದು ದೊಡ್ಡ ಅನುಕೂಲ ಇದೆ. ನಿಮ್ಮ ದರ ಪೂರ್ಣ ರೂಪಾಯಿಯಲ್ಲಿ ಇರುತ್ತದೆ, ಮತ್ತು ಅದಕ್ಕೆ ಒಂದು ಮಿತಿ ಇದೆ. ಕ್ವಿಂಟಲಿಗೆ ಒಂದು ರೂಪಾಯಿಯಿಂದ 1,31,072 ರೂಪಾಯಿಯವರೆಗೆ ಒಂದೊಂದು ದರಕ್ಕೆ ಒಂದೊಂದು ಪೆಟ್ಟಿಗೆ ಎಂದು ಭಾವಿಸಿ. ಯಾಕೆ ಇದೇ ಸಂಖ್ಯೆ? ಅದು 2ರ 17ನೇ ಘಾತ. ಮುಂದೆ ಉಪಯೋಗಕ್ಕೆ ಬರುತ್ತದೆ. ಪ್ರತಿ ಪೆಟ್ಟಿಗೆಯಲ್ಲಿ ಆ ದರಕ್ಕೆ ಎಷ್ಟು ಲಾಟ್ ಹೋಯಿತು ಎಂಬ ಎಣಿಕೆ. ಹೊಸ ಲಾಟ್ ಬಂದರೆ ಆ ಪೆಟ್ಟಿಗೆಗೆ ಒಂದು ಸೇರಿಸಿದರಾಯಿತು. ಯಾರನ್ನೂ ಸರಿಸಬೇಕಾಗಿಲ್ಲ. ಆದರೆ ಸ್ಥಾನ ಕೇಳಿದಾಗ ಅದಕ್ಕಿಂತ ಮೇಲಿನ ಪೆಟ್ಟಿಗೆಗಳನ್ನೆಲ್ಲ ಕೂಡಬೇಕಲ್ಲ? ಅದು ಸಾವಿರಾರು ಪೆಟ್ಟಿಗೆ.

ಇಲ್ಲಿ ನಮ್ಮ ಮದುವೆ ಊಟ ನೆನಪಿಸಿಕೊಳ್ಳಿ. ಒಟ್ಟು ಎಷ್ಟು ಬಾಳೆಯಾಯಿತು ಎಂದು ಕೊನೆಯಲ್ಲಿ ಯಾರೂ ಒಂದೊಂದೇ ಎಲೆ ಎಣಿಸುವುದಿಲ್ಲ. ಪ್ರತಿ ಪಂಕ್ತಿಗೂ ಎಷ್ಟು ಬಾಳೆ ಹಾಕಿದೆವು ಎಂದು ಬಡಿಸುವವರಿಗೆ ಗೊತ್ತಿರುತ್ತದೆ. ಪಂಕ್ತಿಗಳನ್ನು ಕೂಡುತ್ತಾರೆ, ಮುಗಿಯಿತು. ನಾವೂ ಪೆಟ್ಟಿಗೆಗಳನ್ನು ಗುಂಪು ಮಾಡಿ, ಗುಂಪಿನ ಮೊತ್ತ ಬರೆದಿಟ್ಟರೆ ಕೆಲಸ ಹಗುರ. ಪ್ರಶ್ನೆ ಇರುವುದು ಗುಂಪು ಹೇಗೆ ಮಾಡಬೇಕು ಎನ್ನುವುದರಲ್ಲಿ.

ಇದಕ್ಕೆ ನ್ಯೂಜಿಲೆಂಡಿನ ಪೀಟರ್ ಫೆನ್ವಿಕ್ 1994ರಲ್ಲಿ ಪ್ರಕಟಿಸಿದ ಒಂದು ಬಹಳ ಚೆಂದದ ಉಪಾಯ ಇದೆ. ಈಗ ಅದನ್ನು ಫೆನ್ವಿಕ್ ಟ್ರೀ ಎಂದೇ ಕರೆಯುತ್ತಾರೆ. ಹೆಸರಿಗೆ ಮರವಾದರೂ ಅದು ಒಂದೇ ಒಂದು ಅರೇ. ನನಗೆ ಗೊತ್ತಿರುವ ಡೇಟಾ ಸ್ಟ್ರಕ್ಚರುಗಳಲ್ಲಿ ಇಷ್ಟು ಚಿಕ್ಕದಾಗಿ ಬರೆದು ಇಷ್ಟು ಕೆಲಸ ಮಾಡಿಸಬಹುದಾದದ್ದು ಕಡಿಮೆ.

ಎಂಟೇ ಪೆಟ್ಟಿಗೆ ಇಟ್ಟುಕೊಂಡು ನೋಡೋಣ. 1ನೇ ಪೆಟ್ಟಿಗೆ 41 ಸಾವಿರದ ದರ, 2ನೆಯದು 42 ಸಾವಿರ, ಹೀಗೆ 8ನೆಯದು 48 ಸಾವಿರ. ಇದು ಉದಾಹರಣೆಯ ದರ ಮಾತ್ರ. ಪ್ರತಿ ಪೆಟ್ಟಿಗೆಯ ಕ್ರಮಸಂಖ್ಯೆಯನ್ನು 1, 2, 4, 8 ಇವುಗಳ ಮೊತ್ತವಾಗಿ ಬಿಡಿಸಬಹುದು. 7 ಎಂದರೆ 4, 2, 1. 6 ಎಂದರೆ 4, 2. 5 ಎಂದರೆ 4, 1. ಈ ತುಂಡುಗಳಲ್ಲಿ ಅತಿ ಚಿಕ್ಕದು ಯಾವುದೋ, ಆ ಪೆಟ್ಟಿಗೆ ತನ್ನನ್ನೂ ಸೇರಿಸಿ ಹಿಂದಿನ ಅಷ್ಟು ದರಗಳ ಮೊತ್ತವನ್ನು ಇಟ್ಟುಕೊಳ್ಳುತ್ತದೆ. 7ರ ಚಿಕ್ಕ ತುಂಡು 1, ಹಾಗಾಗಿ ಅದರಲ್ಲಿ 7ನೆಯದರ ಎಣಿಕೆ ಮಾತ್ರ. 6ರ ಚಿಕ್ಕ ತುಂಡು 2, ಅದರಲ್ಲಿ 5 ಮತ್ತು 6ರ ಮೊತ್ತ. 4ರಲ್ಲಿ 1ರಿಂದ 4. 8ರಲ್ಲಿ 1ರಿಂದ 8.

7ರವರೆಗಿನ ಮೊತ್ತ ಬೇಕು ಎಂದರೆ ಚಿಕ್ಕ ತುಂಡನ್ನು ಕಳೆಯುತ್ತಾ ಇಳಿಯಿರಿ: 7, ಆಮೇಲೆ 6, ಆಮೇಲೆ 4, ಆಮೇಲೆ ಸೊನ್ನೆ. ಮೂರೇ ಪೆಟ್ಟಿಗೆ ಕೂಡಿದರೆ ಸಾಕು. ಹೊಸದು ಸೇರಿಸುವಾಗ ಚಿಕ್ಕ ತುಂಡನ್ನು ಕೂಡುತ್ತಾ ಏರಿ: 5ಕ್ಕೆ ಸೇರಿಸಬೇಕಾದರೆ 5, ಆಮೇಲೆ 6, ಆಮೇಲೆ 8. ಆ ಮೂರರಲ್ಲೂ ಒಂದೊಂದು ಹೆಚ್ಚಿಸಿ. ಚಿಕ್ಕ ತುಂಡನ್ನು ಹುಡುಕಲು ಸಂಖ್ಯೆಯನ್ನೂ ಅದರ ಋಣ ರೂಪವನ್ನೂ ಬಿಟ್ ಮಟ್ಟದಲ್ಲಿ 'ಆ್ಯಂಡ್' ಮಾಡಿದರೆ ಸಾಕು. ಎರಡೂ ಕೆಲಸ ಸೇರಿ ಹತ್ತು ಸಾಲಿನ ಪ್ರೋಗ್ರಾಂ.

ಈಗ ಆರು ಲಾಟ್ ಬಂತು ಎನ್ನಿ: 43, 45, 45, 46, 48, 42 ಸಾವಿರ. 45 ಸಾವಿರ ಪಡೆದ ರೈತರು ಕೇಳುತ್ತಾರೆ, ನಮ್ಮದು ಎಷ್ಟನೆಯದು? 5ನೇ ಪೆಟ್ಟಿಗೆಯವರೆಗಿನ ಮೊತ್ತ ಬೇಕು. 5ನೆಯದರಲ್ಲಿ 2, 4ನೆಯದರಲ್ಲಿ 2, ಒಟ್ಟು 4. ಆರರಲ್ಲಿ ನಾಲ್ಕು ಕಳೆದರೆ 2. ಅಂದರೆ ಇಬ್ಬರು ಮೇಲಿದ್ದಾರೆ, ಇವರದು 3ನೇ ದರ. ಅಷ್ಟರಲ್ಲಿ 47 ಸಾವಿರದ ಲಾಟ್ ಬಂತು. 7 ಮತ್ತು 8ನೇ ಪೆಟ್ಟಿಗೆಯಲ್ಲಿ ಒಂದೊಂದು ಹೆಚ್ಚಾಯಿತು. ಮತ್ತೆ ಕೇಳಿದರೆ ಏಳರಲ್ಲಿ ನಾಲ್ಕು ಕಳೆದು 3, ಇವರದು ಈಗ 4ನೆಯದು. 45 ಸಾವಿರದವರ ದಾಖಲೆಯನ್ನು ನಾವು ಮುಟ್ಟಲೇ ಇಲ್ಲ. ಆದರೂ ಸ್ಥಾನ ಸರಿಯಾಗಿ ಬದಲಾಯಿತು. ನಿಮಗೆ ಬೇಕಾದದ್ದು ಇದೇ ಅಲ್ವಾ?

1,31,072 ಪೆಟ್ಟಿಗೆ ಇದ್ದರೆ ಸೇರಿಸಲು ಹೆಚ್ಚೆಂದರೆ 18 ಹೆಜ್ಜೆ, ಕೇಳಲು 17. ಮೊದಲು ಹೇಳಿದ 80,000 ಲಾಟುಗಳಿಗೆ ಇಡೀ ಹಂಗಾಮು ಸೇರಿ ಹದಿನೈದು ಲಕ್ಷವೂ ಆಗದಷ್ಟು ಸಣ್ಣ ಕೂಡುವಿಕೆ. ಜಾಗ ಅರ್ಧ ಮೆಗಾಬೈಟ್ ಆಸುಪಾಸು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಹೀಗೆ ಅಡಿಕೆಯ ಒಂದೊಂದು ಬಗೆಗೂ ಬೇರೆ ಬೇರೆ ಅರೇ ಇಡಿ. ರಾಶಿಯ ದರವನ್ನು ಚಾಲಿಯ ಜೊತೆ ಹೋಲಿಸಿ ಯಾರಿಗೂ ಉಪಯೋಗವಿಲ್ಲ.

ದರ ತಪ್ಪಾಗಿ ಟೈಪ್ ಆಗಿದ್ದರೆ? ಹಳೆಯ ಪೆಟ್ಟಿಗೆಯಿಂದ ಒಂದು ಕಳೆಯಿರಿ, ಹೊಸದಕ್ಕೆ ಒಂದು ಸೇರಿಸಿ. ರೈತರು ದರ ಒಪ್ಪದೆ ಲಾಟ್ ವಾಪಸ್ ಇಟ್ಟುಕೊಂಡರೂ ಹಾಗೆಯೇ.

ಈಗ ನನಗೆ ಬಹಳ ಮುಖ್ಯ ಎನಿಸುವ ವಿಷಯಕ್ಕೆ ಬರುತ್ತೇನೆ. ಸಮ ದರ. ಹಿಂದೆ ಕರಾವಳಿಯ ಒಂದು ಊರಿನಲ್ಲಿ ಮಕ್ಕಳ ಪರೀಕ್ಷೆಯೊಂದಕ್ಕೆ ಫಲಿತಾಂಶದ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಬ್ಬರು ಮಕ್ಕಳಿಗೆ ಒಂದೇ ಅಂಕ. ಪ್ರೋಗ್ರಾಂ ಒಬ್ಬಳನ್ನು ಮೂರನೆಯವಳು, ಇನ್ನೊಬ್ಬಳನ್ನು ನಾಲ್ಕನೆಯವಳು ಎಂದು ತೋರಿಸಿತು. ಕಾರಣ ಇಷ್ಟೇ, ಒಬ್ಬಳ ಉತ್ತರ ಪತ್ರಿಕೆಯ ಅಂಕ ಮೊದಲು ನಮೂದಾಗಿತ್ತು. ಬಹುಮಾನ ಮೂವರಿಗೆ ಮಾತ್ರ ಇತ್ತು. ಆ ನಾಲ್ಕನೆಯವಳು ಸುಮ್ನೆ ತಲೆ ತಗ್ಗಿಸಿ ಹೋದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿನಿಂದ ಯಾವ ಸ್ಥಾನದ ಪಟ್ಟಿ ಮಾಡಿದರೂ ಸಮ ಬಂದರೆ ಏನು ಎಂದು ಮೊದಲೇ ಕೇಳುತ್ತೇನೆ.

ಎರಡು ರೀತಿ ಇದೆ. ಒಂದರಲ್ಲಿ 1, 2, 2, 4 ಎಂದು ಬರುತ್ತದೆ. ಇನ್ನೊಂದರಲ್ಲಿ 1, 2, 2, 3. ಮೊದಲನೆಯದರ ಅರ್ಥ 'ನನಗಿಂತ ಮೇಲೆ ಎಷ್ಟು ಲಾಟ್ ಇವೆ, ಅದಕ್ಕೆ ಒಂದು ಸೇರಿಸು'. ಮೇಲೆ ಮಾಡಿದ ಲೆಕ್ಕ ಇದೇ. ಎರಡನೆಯದರ ಅರ್ಥ 'ನನಗಿಂತ ಮೇಲೆ ಎಷ್ಟು ಬೇರೆ ಬೇರೆ ದರ ಇವೆ, ಅದಕ್ಕೆ ಒಂದು ಸೇರಿಸು'. ಅದು ಬೇಕಿದ್ದರೆ ಇನ್ನೊಂದು ಫೆನ್ವಿಕ್ ಅರೇ ಇಡಿ. ಅದರಲ್ಲಿ ಆ ದರಕ್ಕೆ ಒಂದಾದರೂ ಲಾಟ್ ಇದ್ದರೆ 1, ಇಲ್ಲದಿದ್ದರೆ 0. ಒಂದೇ ದರಕ್ಕೆ ನೂರು ಲಾಟ್ ಹೋದರೂ ಅದು 1 ಮಾತ್ರ. ಅಡಿಕೆಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಯಾವುದನ್ನು ಆರಿಸಿದರೂ ಸಂಘದವರ ಜೊತೆ ಕೂತು ಮಾತಾಡಿ, ಸ್ಕ್ರೀನಿನ ಮೇಲೆ ಅದನ್ನು ಬರೆದು ಹಾಕಿ.

ಇನ್ನೂ ಒಂದು ಯೋಚನೆ ಮಾಡಿ. ಒಂದು ಚೀಲದ ಲಾಟನ್ನೂ ಐವತ್ತು ಚೀಲದ ಲಾಟನ್ನೂ ಒಂದೇ ಎಂದು ಎಣಿಸುವುದು ಸರಿಯೇ? ಚೆಂದ ಆರಿಸಿ ತಂದ ಅರ್ಧ ಕ್ವಿಂಟಲಿಗೆ ಮೇಲಿನ ದರ ಸಿಗಬಹುದು. ಪೇಟೆ ಧಾರಣೆಯಲ್ಲಿ ಕನಿಷ್ಠ, ಗರಿಷ್ಠ ಎಂದು ಬರುವ ಅಂಕಿಗಳಲ್ಲಿ ಇದು ಕಾಣುವುದಿಲ್ಲ. ಪೆಟ್ಟಿಗೆಯಲ್ಲಿ ಲಾಟಿನ ಎಣಿಕೆಯ ಬದಲು ತೂಕ ಸೇರಿಸಿ ನೋಡಿ. ಕಿಲೋದಲ್ಲಿ, ಪೂರ್ಣ ಸಂಖ್ಯೆಯಾಗಿ. ಪ್ರೋಗ್ರಾಂನಲ್ಲಿ ಒಂದು ಎನ್ನುವ ಜಾಗದಲ್ಲಿ ತೂಕ ಬರೆದರಾಯಿತು, ಬೇರೇನೂ ಬದಲಾಗುವುದಿಲ್ಲ. ಆಗ 'ನಿಮಗಿಂತ ಮೇಲಿನ ದರಕ್ಕೆ ಹೋದದ್ದು 40 ಕ್ವಿಂಟಲ್, ಕೆಳಗಿನ ದರಕ್ಕೆ ಹೋದದ್ದು 600 ಕ್ವಿಂಟಲ್' ಎಂದು ಹೇಳಬಹುದು. ಬರೀ '57ನೇ ಸ್ಥಾನ' ಎನ್ನುವುದಕ್ಕಿಂತ ಇದು ರೈತರಿಗೆ ಎಷ್ಟೋ ಜಾಸ್ತಿ ತಿಳಿಸುತ್ತದೆ.

ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು. ಮಧ್ಯದ ದರ ಯಾವುದು? ಮೇಲೆ ಹೇಳಿದ ಏಳು ಲಾಟಿನಲ್ಲಿ ಕೆಳಗಿನಿಂದ ನಾಲ್ಕನೆಯದು ಬೇಕು. ದೊಡ್ಡ ಹೆಜ್ಜೆಯಿಂದ ಶುರು ಮಾಡಿ. 8ನೇ ಪೆಟ್ಟಿಗೆಯಲ್ಲಿ 7 ಇದೆ, ನಾಲ್ಕಕ್ಕಿಂತ ಕಡಿಮೆ ಅಲ್ಲ, ಹಾರಬೇಡಿ. 4ನೆಯದರಲ್ಲಿ 2 ಇದೆ, ಕಡಿಮೆ, ಅಲ್ಲಿಗೆ ಹಾರಿ. ಇನ್ನು ಎರಡು ಬೇಕು. ಅಲ್ಲಿಂದ ಎರಡು ಮುಂದೆ 6ನೆಯದರಲ್ಲಿ 3 ಇದೆ, ಹಾರಬೇಡಿ. ಒಂದು ಮುಂದೆ 5ನೆಯದರಲ್ಲಿ 2 ಇದೆ, ಅದೂ ಕಡಿಮೆ ಅಲ್ಲ. ನಿಂತಿರುವುದು 4ರಲ್ಲಿ, ಉತ್ತರ ಅದರ ಮುಂದಿನ 5, ಅಂದರೆ 45 ಸಾವಿರ. ಪೆಟ್ಟಿಗೆಗಳ ಸಂಖ್ಯೆಯನ್ನು 2ರ ಘಾತವಾಗಿ ಇಡಿ ಎಂದದ್ದು ಇದಕ್ಕೇ.

ಮಿತಿಯೊಳಗಿನ ಪೂರ್ಣ ಸಂಖ್ಯೆ ಸಿಗದ ಕಡೆ ಇದು ನಡೆಯುವುದಿಲ್ಲ. ದರ ಸಮವಾದರೆ ಹೆಚ್ಚು ತೂಕದವರು ಮೇಲೆ, ಅದೂ ಸಮವಾದರೆ ಮೊದಲು ಬಂದವರು ಮೇಲೆ ಎಂದು ಸಂಘ ತೀರ್ಮಾನಿಸಿತು ಎನ್ನಿ. ಆಗ ಪ್ರತಿ ಲಾಟಿಗೂ ಮೂರು ಅಂಶದ ಕೀ (ಹೋಲಿಸುವ ಗುರುತು). ಅದಕ್ಕೆಲ್ಲ ಪೆಟ್ಟಿಗೆ ಮಾಡಲಾಗದು. ಆಗ ಬೇಕಾಗುವುದು ಬೈನರಿ ಸರ್ಚ್ ಟ್ರೀ (ಪ್ರತಿ ಲಾಟ್ ಒಂದು ನೋಡ್, ಅದರ ಎಡಕ್ಕೆ ಕೆಳಗಿನವರು, ಬಲಕ್ಕೆ ಮೇಲಿನವರು), ಆದರೆ ಪ್ರತಿ ನೋಡ್ ತನ್ನನ್ನೂ ಸೇರಿಸಿ ತನ್ನ ಕೆಳಗೆ ಒಟ್ಟು ಎಷ್ಟು ನೋಡ್ ಇವೆ ಎಂಬ ಎಣಿಕೆಯನ್ನೂ ಇಟ್ಟುಕೊಂಡಿರುವಂಥದ್ದು. ಬೇರಿನಿಂದ ನಮ್ಮ ಲಾಟಿನ ಕಡೆ ಇಳಿಯುವಾಗ ಎಡಕ್ಕೆ ತಿರುಗಿದಾಗಲೆಲ್ಲ ಬಲಗಡೆಯ ಗುಂಪಿನ ಎಣಿಕೆ ಮತ್ತು ಆ ನೋಡ್ ಒಂದನ್ನು ಕೂಡಿಕೊಳ್ಳಿ. ನಮ್ಮ ನೋಡ್ ಮುಟ್ಟಿದ ಮೇಲೆ ಅದರ ಬಲಗಡೆಯ ಎಣಿಕೆಯನ್ನೂ ಸೇರಿಸಿ. ಮೇಲಿರುವವರು ಎಷ್ಟು ಎಂದು ಸಿಕ್ಕಿತು. ಹೊಸದು ಸೇರಿಸುವಾಗ ಇಳಿಯುವ ದಾರಿಯ ಎಣಿಕೆಗಳನ್ನು ಮಾತ್ರ ಒಂದೊಂದು ಹೆಚ್ಚಿಸಿ.

ಮರ ಸಮತೋಲದಲ್ಲಿ ಇರಲೇಬೇಕು. ದರ ಏರುತ್ತಾ ಹೋಗುವ ಹಂಗಾಮಿನಲ್ಲಿ ಸಾದಾ ಮರ ಒಂದೇ ಕಡೆ ಬೆಳೆದು ಅಡಿಕೆ ಮರದ ಹಾಗೆ ಕೊಂಬೆಯಿಲ್ಲದ ಉದ್ದ ಗಳವಾಗಿಬಿಡುತ್ತದೆ. ಇದಕ್ಕೆ ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ 1962ರಲ್ಲೇ ದಾರಿ ತೋರಿಸಿದರು. ಅವರ ಹೆಸರಿನ ಅಕ್ಷರಗಳಿಂದಲೇ ಎವಿಎಲ್ ಮರ ಎಂದಾಯಿತು. 80,000 ಲಾಟ್ ಹಾಕಿದರೂ ಆ ಮರ 24 ಮಟ್ಟ ದಾಟುವುದಿಲ್ಲ. ಸಮತೋಲಕ್ಕಾಗಿ ಎರಡು ನೋಡ್ ತಿರುಗಿಸಿದಾಗ ಆ ಎರಡರ ಎಣಿಕೆ ಮಾತ್ರ ಮತ್ತೆ ಲೆಕ್ಕ ಹಾಕಬೇಕು. ಇದನ್ನು ಮರೆತರೆ ಸ್ಥಾನಗಳು ಮೆಲ್ಲಗೆ ತಪ್ಪುತ್ತಾ ಹೋಗುತ್ತವೆ, ಮತ್ತು ಕಂಡುಹಿಡಿಯುವುದು ಕಷ್ಟ.

ಇಲ್ಲಿ ಜನ ಬೀಳುವ ಗುಂಡಿ ಒಂದಿದೆ. ಜಾವಾದ ಟ್ರೀಮ್ಯಾಪ್, ಸಿ++ನ ಸೆಟ್ ಇವು ಸಮತೋಲದ ಮರಗಳೇ. ಹಾಗಾದರೆ ಸ್ಥಾನವೂ ಬೇಗ ಸಿಗುತ್ತದೆ ಎಂದುಕೊಳ್ಳುತ್ತಾರೆ. ಸಿಗುವುದಿಲ್ಲ. ಅವುಗಳ ನೋಡುಗಳಲ್ಲಿ ಎಣಿಕೆ ಇರುವುದಿಲ್ಲ. ಎಷ್ಟನೆಯದು ಎಂದು ಕೇಳಿದರೆ ಒಂದೊಂದೇ ಎಣಿಸುತ್ತಾ ಬರುತ್ತವೆ. ಸಿ++ ಬರೆಯುವವರಿಗೆ ಜಿಸಿಸಿ ಕಂಪೈಲರ್ ಜೊತೆ ಬರುವ ಪಿಬಿಡಿಎಸ್ ಎಂಬ ಸಂಗ್ರಹದಲ್ಲಿ ಎಣಿಕೆ ಇರುವ ಮರ ಸಿದ್ಧವಾಗಿಯೇ ಸಿಗುತ್ತದೆ. ಡೇಟಾಬೇಸಿನ ಸಾಮಾನ್ಯ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಕತೆಯೂ ಇದೇ. 'ಇದಕ್ಕಿಂತ ಹೆಚ್ಚು ದರದ ಸಾಲು ಎಷ್ಟು' ಎಂದರೆ ಶುರುವಿನ ಜಾಗ ತಟ್ಟನೆ ಹುಡುಕುತ್ತದೆ, ಆಮೇಲೆ ಒಂದೊಂದೇ ಎಣಿಸುತ್ತದೆ. ಕೆಲವು ಸಾವಿರ ಸಾಲಿಗೆ ಅದು ಸಾಕು. ನಿಮ್ಮ ಈಗಿನ ಸ್ಥಾನದ ಕಾಲಂ ತೆಗೆದು ಇದನ್ನು ಹಾಕಿದರೂ ಅರ್ಧ ತೊಂದರೆ ಇವತ್ತೇ ಮುಗಿಯುತ್ತದೆ.

ಏನೂ ಬರೆಯಲು ಪುರಸೊತ್ತಿಲ್ಲ ಎಂದರೆ ಮೆಮೊರಿಯಲ್ಲಿ ಮಾಹಿತಿ ಇಡುವ ರೆಡಿಸ್ ಎಂಬ ಸಿದ್ಧ ಡೇಟಾಬೇಸ್ ಬಳಸಬಹುದು. ಅದರ ಸಾರ್ಟೆಡ್ ಸೆಟ್ (ಅಂಕಿಯ ಕ್ರಮದಲ್ಲಿ ಜೋಡಿಸಿದ ಪಟ್ಟಿ) ಒಳಗೆ ಇರುವುದು ವಿಲಿಯಂ ಪ್ಯೂ 1990ರಲ್ಲಿ ಬರೆದ ಸ್ಕಿಪ್ ಲಿಸ್ಟ್. ಕಾರವಾರದಿಂದ ಭಟ್ಕಳಕ್ಕೆ ಹೋಗುವ ಬಸ್ಸು ನೆನಪಿಸಿಕೊಂಡರೆ ಅದು ಅರ್ಥವಾಗುತ್ತದೆ. ಲೋಕಲ್ ಬಸ್ಸು ಮಾದನಗೇರಿ, ಹಿರೇಗುತ್ತಿ, ಮಿರ್ಜಾನ ಎಂದು ಎಲ್ಲ ಕಡೆ ನಿಲ್ಲುತ್ತದೆ. ಎಕ್ಸ್‌ಪ್ರೆಸ್ ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ಮಾತ್ರ. ದೂರ ಹೋಗುವಾಗ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿ, ಹತ್ತಿರ ಬಂದ ಮೇಲೆ ಲೋಕಲ್ ಹಿಡಿದ ಹಾಗೆ ಅದು ಹುಡುಕುತ್ತದೆ. ಎಕ್ಸ್‌ಪ್ರೆಸ್ ಒಂದು ಜಿಗಿತಕ್ಕೆ ಎಷ್ಟು ಸ್ಟಾಪ್ ಬಿಟ್ಟಿತು ಎನ್ನುವ ಸಂಖ್ಯೆಯನ್ನೂ ರೆಡಿಸ್ ಬರೆದಿಟ್ಟುಕೊಂಡಿದೆ. ಸ್ಥಾನ ಸಿಗುವುದು ಅದರಿಂದಲೇ. ಆದರೆ ಎಚ್ಚರ: ಅಂಕಿ ಸಮವಾದರೆ ಅದು ಹೆಸರಿನ ಅಕ್ಷರಕ್ರಮ ನೋಡಿ ಬೇರೆ ಬೇರೆ ಸ್ಥಾನ ಕೊಡುತ್ತದೆ. ಮಕ್ಕಳ ಪರೀಕ್ಷೆಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಹಾಗಾಗಿ ಸ್ಥಾನ ಕೇಳುವ ಆದೇಶ ಬಿಟ್ಟು, ಜೆಡ್‌ಕೌಂಟ್ ಆದೇಶದಿಂದ 'ಈ ದರಕ್ಕಿಂತ ಮೇಲೆ ಎಷ್ಟು' ಎಂದು ಕೇಳಿ ಒಂದು ಸೇರಿಸಿ.

ನಿಮಗೆ ನನ್ನ ಸಲಹೆ ಫೆನ್ವಿಕ್ ಅರೇ. ಲಾಟಿನ ನೋಂದಣಿ ಡೇಟಾಬೇಸಿನಲ್ಲಿ ಇರಲಿ, ನಿಜವಾದ ದಾಖಲೆ ಅದೊಂದೇ. ಅರೇ ಮೆಮೊರಿಯಲ್ಲಿ ಇರಲಿ. ಮಳೆಗಾಲದಲ್ಲಿ ಶಿರಸಿಯ ಕರೆಂಟ್ ಹೇಗೆ ಎಂದು ನಿಮಗೇ ಗೊತ್ತು. ಕರೆಂಟ್ ಹೋಗಿ ಬಂದರೆ ನೋಂದಣಿ ಓದಿ ಅರೇಯನ್ನು ಮತ್ತೆ ಕಟ್ಟಿಕೊಳ್ಳಬಹುದು, ಏನೂ ಕಳೆದುಹೋಗುವುದಿಲ್ಲ. ಹಳೆಯ ದಿನದ ಪಟ್ಟಿ ಯಾರಾದರೂ ಕೇಳಿದರೂ ಹೀಗೆಯೇ, ಆ ದಿನದ ಲಾಟುಗಳಿಂದ ಆಗಲೇ ಕಟ್ಟಿ. ದಿನಕ್ಕೊಂದು ಅರೇ ಉಳಿಸಿಡುತ್ತಾ ಹೋಗಬೇಡಿ.

ಸಂಘದಲ್ಲಿ ಹಾಕುವ ಮೊದಲು ಹೋದ ವರ್ಷದ ನೋಂದಣಿಯನ್ನು ಬಂದ ಕ್ರಮದಲ್ಲೇ ಒಂದೊಂದಾಗಿ ಓಡಿಸಿ. ಪ್ರತಿ ಲಾಟ್ ಆದ ಮೇಲೆ ಒಂದು ಲಾಟನ್ನು ಎತ್ತಿಕೊಂಡು, ಹೊಸ ವಿಧಾನದ ಸ್ಥಾನವನ್ನೂ, ಒಂದೊಂದೇ ಎಣಿಸಿ ಬಂದ ಸ್ಥಾನವನ್ನೂ ಹೋಲಿಸಿ. ಒಂದೇ ದರದ ಹತ್ತು ಲಾಟ್ ಒಟ್ಟಿಗೆ ಬಂದ ದಿನ, ವಾಪಸ್ ಹೋದ ಲಾಟ್, ಎಲ್ಲಕ್ಕಿಂತ ಮೇಲಿನ ದರ, ಎಲ್ಲಕ್ಕಿಂತ ಕೆಳಗಿನ ದರ, ಇವನ್ನು ಬೇರೆಯಾಗಿ ನೋಡಿ. ಎಲ್ಲಿಯಾದರೂ ಎರಡೂ ಹೊಂದದಿದ್ದರೆ ಆ ಲಾಟಿನ ಸಂಖ್ಯೆ, ಅದರ ಹಿಂದಿನ ಐದಾರು ಲಾಟಿನ ದರ ಬರೆದು ಕಳಿಸಿ. ಕೂತು ನೋಡೋಣ.